ಎಲೆಗಳ ಇಂದ್ರಜಾಲ ಮತ್ತು ಪ್ರೇಕ್ಷಕನ ಮನಸ್ಸು

ಇಸ್ಪೀಟಿನ ಇಂದ್ರಜಾಲವೆಂದರೆ ಕೈಚಳಕ ಎಂಬುದು ಸಾಮಾನ್ಯ ಭಾವನೆ. ಕೈಚಳಕ ಬೇಕೇ ಬೇಕು; ಆದರೆ ಅದರ ಸ್ಥಾನ ಕಾವ್ಯದಲ್ಲಿ ಛಂದಸ್ಸಿಗಿರುವಷ್ಟು ಮಾತ್ರ. 1902ರಲ್ಲಿ ಎರ್ಡ್‌ನೇಸ್ ಎಂಬ ಹೆಸರಿನಲ್ಲಿ ಪ್ರಕಟವಾದ ಅಮೆರಿಕದ ಗ್ರಂಥ ಬೆರಳುಗಳ ಚಲನೆಯನ್ನು ಶಾಸ್ತ್ರೀಯವಾಗಿ ವಿವರಿಸಿತು. 1940ರಲ್ಲಿ ಹ್ಯೂಗಾರ್ಡ್ ಮತ್ತು ಬ್ರೌ ತಮ್ಮ ಗ್ರಂಥದಲ್ಲಿ ತಂತ್ರದೊಡನೆ ಪ್ರೇಕ್ಷಕರ ಗಮನವನ್ನು ನಡೆಸುವ ಬಗೆಯನ್ನೂ ಚರ್ಚಿಸಿದರು.

ಪ್ರೇಕ್ಷಕ ಸುಮ್ಮನೆ ನೋಡುವುದಿಲ್ಲ, ಊಹಿಸುತ್ತಿರುತ್ತಾನೆ. 'ಎಲೆ ಅಂಗೈಯಲ್ಲಿದೆ' ಎಂದು ಅವನಿಗೆ ತೋರಿದೊಡನೆ ಅಂಗೈ ಬರಿದಾಗಿ ಕಾಣಬೇಕು. 'ಎಲ್ಲವೂ ಒಂದೇ ಎಲೆ' ಎಂದು ಶಂಕಿಸಿದರೆ ಕಟ್ಟನ್ನು ಹರಡಿ ತೋರಿಸಬೇಕು. ಹೀಗೆ ಊಹೆಯ ದಾರಿಗಳು ಒಂದೊಂದಾಗಿ ಮುಚ್ಚಿದಾಗ ಬೆರಗು ಹುಟ್ಟುತ್ತದೆ. ಸ್ಪೇನಿನ ಹ್ವಾನ್ ತಮಾರಿಸ್ ಇದನ್ನು ಸಿದ್ಧಾಂತವಾಗಿಯೇ ನಿರೂಪಿಸಿದ್ದಾರೆ. ಆಟಗಳನ್ನು ಪೋಣಿಸುವ ಕ್ರಮಕ್ಕೂ ಇದೇ ಆಧಾರ: ಮೊದಲನೆಯದು ಎಬ್ಬಿಸಿದ ಸಂಶಯವನ್ನು ಎರಡನೆಯದು ಕಳೆಯಬೇಕು.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಂಥ ಊರುಗಳಲ್ಲಿ ಗುರುವಿಲ್ಲದೆ ಕಲಿಯುವ ತರುಣನಿಗೆ ಪುಸ್ತಕವೇ ಆಸರೆ. ಆದರೆ ಈ ಪುಸ್ತಕಗಳ ಪ್ರೇಕ್ಷಕ ಬಹುಮಟ್ಟಿಗೆ ಮೇಜಿನ ಆಚೆ ಕುಳಿತವನು. ನಮ್ಮ ಊರಕಟ್ಟೆಯಲ್ಲಾದರೋ ಜನ ಬೆನ್ನ ಹಿಂದೆಯೂ ನಿಲ್ಲುತ್ತಾರೆ. ಇಸ್ಪೀಟಾಡಿ ಪಳಗಿದ ಕಣ್ಣುಗಳು ಕೈಯನ್ನೇ ಕಾಯುತ್ತವೆ. ಆದ್ದರಿಂದ ಹಿಂದಿನಿಂದ ಬಯಲಾಗುವ ತಂತ್ರಗಳನ್ನು ಬಿಟ್ಟು, ಎಲೆಗಳನ್ನು ಅವರಿಂದಲೇ ಕಲಸಿಸಿ ಮಾಡಬಲ್ಲ ಆಟಗಳನ್ನು ಆರಿಸಬೇಕು. ಜೊತೆಯ ಮಾತನ್ನು ಊರಿನ ಮಾತಿನಲ್ಲಿಯೇ ಹೆಣೆಯಬೇಕು.

ಎರ್ಡ್‌ನೇಸ್‌ನ ಗ್ರಂಥದ ಮೊದಲ ಭಾಗ ಜೂಜಿನ ಮೋಸಗಳನ್ನು ಕುರಿತದ್ದು. ಜೂಜುಗಾರನಿಗೂ ಐಂದ್ರಜಾಲಿಕನಿಗೂ ಕೈಚಳಕ ಒಂದೇ. ಜೂಜುಗಾರ ನಮಗೆ ತಿಳಿಯದಂತೆ ವಂಚಿಸಿ ಹಣ ಒಯ್ಯುತ್ತಾನೆ. ಐಂದ್ರಜಾಲಿಕನಿಗೆ ನಾವೇ ಒಪ್ಪಿ ಮನಸ್ಸು ಕೊಟ್ಟಿರುತ್ತೇವೆ. ಆ ಒಪ್ಪಿಗೆಯನ್ನು ಗೌರವಿಸುವುದು ಕಲಿಯುವವನ ಮೊದಲ ಪಾಠವಾಗಬೇಕು.