ಪ್ರಸಾದಕ್ಕೆ ಮುನ್ನ ಪದಾರ್ಥವನ್ನು ಅರಿಯೋಣ

ಷಟ್‌ಸ್ಥಲ ಮಾರ್ಗದಲ್ಲಿ ಮೂರನೆಯದು ಪ್ರಸಾದಿಸ್ಥಲ. ಆ ಸ್ಥಲಕ್ಕೆ ನಮ್ಮ ಶಾಸ್ತ್ರಕಾರರು ಹೇಳಿರುವ ಭಕ್ತಿ ಅವಧಾನಭಕ್ತಿ. ಅವಧಾನವೆಂದರೆ ಎಚ್ಚರ, ಕಣ್ಣುಮುಚ್ಚಿ ಮಾಡದಿರುವುದು. ಇಷ್ಟಲಿಂಗಕ್ಕೆ ಅರ್ಪಿಸುವ ಮೊದಲು ಅದು ಪದಾರ್ಥ, ಅರ್ಪಿಸಿದ ಬಳಿಕ ಪ್ರಸಾದ. ಹೀಗಿರುವಾಗ ನಾವು ಅರ್ಪಿಸುತ್ತಿರುವ ಪದಾರ್ಥ ಯಾವುದು, ಅದು ಎಲ್ಲಿಂದ ಬಂದಿತು, ಯಾವುದರಿಂದ ಆಯಿತು ಎಂಬುದನ್ನು ಅರಿಯದೆ ಅರ್ಪಿಸಿದರೆ ಅದು ಅವಧಾನವಾದೀತೆ? ಈ ಪ್ರಶ್ನೆಯನ್ನು ನಾವು ಅನೇಕ ವರ್ಷಗಳಿಂದ ಪ್ರವಚನಗಳಲ್ಲಿ ಕೇಳುತ್ತ ಬಂದವರು. ಆದರೆ ಕಳೆದ ಶ್ರಾವಣದಲ್ಲಿ ಒಬ್ಬ ಕಾಲೇಜು ಹುಡುಗಿ ಅದೇ ಪ್ರಶ್ನೆಯನ್ನು ನಮಗೇ ತಿರುಗಿಸಿ ಕೇಳಿದಳು. ಸದ್ಭಕ್ತರಾದ ವಾಚಕರೊಡನೆ ಆ ಸಂಗತಿಯನ್ನು ಹಂಚಿಕೊಳ್ಳಬೇಕೆನಿಸಿದೆ.

ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಆಕೆಯ ಕಣ್ಣಲ್ಲಿ ನೀರಿತ್ತು. "ಅಜ್ಜಾರ, ನೀವರ ಇಕಿಗೆ ಒಂದ ಮಾತ ಹೇಳ್ರಿ. ಒಂದೂವರಿ ವರ್ಷ ಆತು, ಹಾಲು ಮುಟ್ಟೂದಿಲ್ಲ, ಮಜ್ಜಿಗಿ ಮುಟ್ಟೂದಿಲ್ಲ, ತುಪ್ಪ ಒಲ್ಲೆ ಅಂತಾಳ. ಮೈಯಾಗ ಕಸುವ ಉಳದಿಲ್ಲ" ಎಂದರು. ಮಗಳ ಮುಖ ಬಿಳಿಚಿತ್ತು. ಮೆಟ್ಟಿಲೇರಿದರೆ ಏದುಸಿರು, ಅಂಗಾಲಿನಲ್ಲಿ ಜೋಮು ಹಿಡಿದಂತಾಗುತ್ತದೆ ಎಂದು ತಾನೇ ಹೇಳಿಕೊಂಡಳು. ಆದರೂ ಮಾತಿನಲ್ಲಿ ಗಟ್ಟಿತನವಿತ್ತು. "ಹಟಕ್ಕ ಬಿಟ್ಟಿಲ್ರಿ ಅಜ್ಜಾರ. ಅದು ಕರುವಿನ ಪಾಲು ಅನಿಸ್ತು, ಬಿಟ್ಟೆ" ಎಂದಳು. ಹಾಲು ಕುಡಿ ಎಂದು ಅಪ್ಪಣೆ ಕೊಟ್ಟು ಕಳಿಸಿಬಿಡಬಹುದೆಂದು ನಾವು ತಿಳಿದಿದ್ದೆವು. ಅಷ್ಟರಲ್ಲಿ ಆಕೆ ನಮ್ಮ ಮೇಜಿನ ಮೇಲಿದ್ದ ಮಂಡಿನೋವಿನ ಗುಳಿಗೆಗಳ ಪಟ್ಟಿಯನ್ನು ತೋರಿಸಿ, "ಇದರ ಮ್ಯಾಲಿನ ಕವಚ ಯಾತರದು ಅಂತ ಕೇಳೀರೇನ್ರಿ?" ಎಂದಳು.

ಕನ್ನಡಕ ಹಾಕಿಕೊಂಡು ಓದಿದೆವು. ಸಣ್ಣ ಅಕ್ಷರಗಳಲ್ಲಿ 'ಜಿಲೆಟಿನ್' ಎಂದಿತ್ತು. ದನ, ಹಂದಿ, ಮೀನು ಇವುಗಳ ಚರ್ಮ ಮತ್ತು ಎಲುಬುಗಳನ್ನು ಕುದಿಸಿ ತೆಗೆಯುವ ಅಂಟೇ ಜಿಲೆಟಿನ್. ಆರು ದಶಕಗಳ ಕಾಲ ಮಾಂಸವನ್ನು ಸೋಂಕದ ನಮ್ಮ ನಾಲಿಗೆಯ ಮೇಲಿನಿಂದ ಎರಡು ವರ್ಷಗಳಿಂದ ಅದು ದಿನಕ್ಕೊಂದರಂತೆ ಒಳಗೆ ಇಳಿಯುತ್ತಿತ್ತು. ಅಪ್ಪಣೆ ಕೊಡುವ ಅಧಿಕಾರ ಅಂದು ನಮಗೆ ಉಳಿಯಲಿಲ್ಲ. ತಾಯಿ ಮಗಳಿಬ್ಬರನ್ನೂ ಕೂಡಿಸಿಕೊಂಡು, "ಮೊದಲು ವೈದ್ಯರಲ್ಲಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ನಾವೂ ಅಷ್ಟರಲ್ಲಿ ಓದಿ ತಿಳಿದುಕೊಳ್ಳುತ್ತೇವೆ" ಎಂದೆವು. ಹಾಗೆ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನೇ ಇಲ್ಲಿ ನಿರೂಪಿಸುತ್ತಿದ್ದೇವೆ.

ವೀಗನ್ ಎಂದರೆ ಯಾರು?

ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನೂ ತ್ಯಜಿಸಿ ಕೇವಲ ಸಸ್ಯಮೂಲದ ಆಹಾರ ಸೇವಿಸುವವರನ್ನು ವೀಗನ್ ಎನ್ನುತ್ತಾರೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಈ ಹೆಸರನ್ನು ಬಳಕೆಗೆ ತಂದರು. ಕನ್ನಡದಲ್ಲಿ ಸಂಪೂರ್ಣ ಸಸ್ಯಾಹಾರ ಎನ್ನಬಹುದು. ಹಾಲು ಬಿಡಿರೆಂದು ನಾವು ಯಾರಿಗೂ ಬೋಧಿಸುತ್ತಿಲ್ಲ. ನಮ್ಮ ಊಟ ಇಂದಿಗೂ ಮಜ್ಜಿಗೆಯಿಂದಲೇ ಮುಗಿಯುತ್ತದೆ. ಆದರೆ ದಯೆಯಿಂದ ಬಿಟ್ಟವರನ್ನು ಹೀಯಾಳಿಸುವುದು ತರವಲ್ಲ. ಅವರು ನಿತ್ರಾಣರಾಗದಂತೆ ನೋಡಿಕೊಳ್ಳುವುದು ಮನೆಯ ಹಿರಿಯರ ಹೊಣೆ.

ಸಸಾರಜನಕದ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಗೊತ್ತುಪಡಿಸಿದಂತೆ, ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಮ್ ಸಸಾರಜನಕ, ಅಂದರೆ ಪ್ರೋಟೀನ್, ಬೇಕು. 50 ಕಿಲೋ ತೂಕದವರಿಗೆ ಸುಮಾರು 42 ಗ್ರಾಮ್, 65 ಕಿಲೋ ತೂಕದವರಿಗೆ ಸುಮಾರು 54 ಗ್ರಾಮ್. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದಕ್ಕಿಂತ ಹೆಚ್ಚು ಬೇಕು.

ಇದು ಸಸ್ಯಾಹಾರದಿಂದ ದೊರೆಯುವುದೇ? ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡ ತಟ್ಟೆಯನ್ನು ನೆನಪಿಸಿಕೊಂಡು ಲೆಕ್ಕ ಹಾಕಿದೆವು. ನಾಲ್ಕು ಜೋಳದ ರೊಟ್ಟಿಗೆ 200 ಗ್ರಾಮ್ ಹಿಟ್ಟು ಎಂದರೆ ಸುಮಾರು 20 ಗ್ರಾಮ್ ಪ್ರೋಟೀನ್. ಹೆಸರು, ಮಡಿಕೆ ಅಥವಾ ಅಲಸಂದಿ ಕಾಳಿನ ಪಲ್ಯಕ್ಕೆ 40 ಗ್ರಾಮ್ ಒಣಕಾಳು, ಅದರಲ್ಲಿ 9 ಗ್ರಾಮ್. ಸಾರಿಗೆ 30 ಗ್ರಾಮ್ ತೊಗರಿಬೇಳೆ, ಅದರಲ್ಲಿ 6 ಗ್ರಾಮ್. ಎರಡು ಚಮಚ ಶೇಂಗಾ ಹಿಂಡಿಯಿಂದ 4-5 ಗ್ರಾಮ್. 75 ಗ್ರಾಮ್ ಅಕ್ಕಿಯ ಅನ್ನದಿಂದ 6 ಗ್ರಾಮ್. ಒಟ್ಟು 45 ಗ್ರಾಮ್ ದಾಟುತ್ತದೆ. ಇದರಲ್ಲಿ ಹನಿ ಹಾಲೂ ಸೇರಿಲ್ಲ.

ಆದರೆ ಒಂದು ಮಾತು. ಬೇಯಿಸಿದ ಜೋಳದಲ್ಲಿರುವ ಪ್ರೋಟೀನ್ ಪೂರ್ತಿಯಾಗಿ ಜೀರ್ಣವಾಗುವುದಿಲ್ಲ. ಅಲ್ಲದೆ ಜೋಳ, ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಎಂಬ ಅಗತ್ಯ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ; ಅವುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯಗಳಲ್ಲಿದೆ. ರೊಟ್ಟಿಗೆ ಕಾಳುಪಲ್ಯ, ಅನ್ನಕ್ಕೆ ಬೇಳೆ, ಮುದ್ದೆಗೆ ಹುರುಳಿ ಸಾರು ಎಂದು ನಮ್ಮ ಅಜ್ಜಿಯರು ಜೋಡಿಸಿದ ಜೋಡಿ ಒಂದರ ಕೊರತೆಯನ್ನು ಇನ್ನೊಂದು ತುಂಬುವಂಥದು. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ. ದಿನದ ಊಟಗಳಲ್ಲಿ ಸೇರಿದರೆ ಸಾಕು. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಜೀರ್ಣವೂ ಸುಲಭ, ಕಬ್ಬಿಣಾಂಶವೂ ಚೆನ್ನಾಗಿ ದಕ್ಕುತ್ತದೆ. 100 ಗ್ರಾಮ್ ಬೇಳೆಕಾಳುಗಳಲ್ಲಿ 20ರಿಂದ 24 ಗ್ರಾಮ್, ಶೇಂಗಾದಲ್ಲಿ ಸುಮಾರು 24, ಅಗಸಿ ಮತ್ತು ಗುರೆಳ್ಳುಗಳಲ್ಲಿ ಸುಮಾರು 18, ಸೋಯಾ ಕಾಳಿನಲ್ಲಿ 35ಕ್ಕೂ ಮಿಕ್ಕಿ ಪ್ರೋಟೀನ್ ಇದೆ. ಝುಣಕ, ಹಿಂಡಿ, ಉಸುಳಿಗಳನ್ನು ಬಡವರ ಊಟವೆಂದು ತಟ್ಟೆಯಿಂದ ಸರಿಸಿದವರು ನಾವೇ.

ಆ ಹುಡುಗಿಯ ದಿನಚರಿ ಕೇಳಿದಾಗ ತಪ್ಪು ಎಲ್ಲಿದೆ ಎಂದು ತಿಳಿಯಿತು. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಹಾಸ್ಟೆಲ್ಲಿನ ಅನ್ನ ಮತ್ತು ತೆಳು ಸಾರು, ಸಂಜೆ ಚಿಪ್ಸು, ರಾತ್ರಿ ಮತ್ತೆ ಅನ್ನ. ಆಕೆ ಹಾಲನ್ನು ಬಿಟ್ಟಿದ್ದಳು, ಆದರೆ ಅದರ ಸ್ಥಾನದಲ್ಲಿ ಕಾಳನ್ನು ಇಟ್ಟಿರಲಿಲ್ಲ.

ಬಿ12: ತಾಯಿಯ ಅಂಜಿಕೆ ಸುಳ್ಳಾಗಿರಲಿಲ್ಲ

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ, ಬಿ12 ಜೀವಸತ್ವವಂತೂ ಬಹಳ ಕಡಿಮೆ ಎಂದು ಬಂದಿತು. ಈ ವಿಷಯದಲ್ಲಿ ಲೇಶಮಾತ್ರವೂ ಉದಾಸೀನ ಸಲ್ಲದು. ಬಿ12ನ್ನು ತಯಾರಿಸುವುದು ಸೂಕ್ಷ್ಮಾಣುಗಳು. ಸಸ್ಯಾಹಾರದಲ್ಲಿ ಅದು ನೆಚ್ಚಿಕೊಳ್ಳುವಷ್ಟು ದೊರೆಯದು. ಸೊಪ್ಪಿನಲ್ಲಿದೆ, ಮೊಳಕೆಯಲ್ಲಿದೆ ಎಂಬ ಮಾತುಗಳನ್ನು ನಂಬಬಾರದು. ಯಕೃತ್ತಿನಲ್ಲಿ ಅದರ ಸಂಗ್ರಹವಿರುವುದರಿಂದ ಹಲವರಲ್ಲಿ ಕೊರತೆ ವರ್ಷಗಳ ನಂತರ ತಲೆದೋರುತ್ತದೆ. ಆಯಾಸ, ರಕ್ತಹೀನತೆ, ಕೈಕಾಲು ಜೋಮು, ಮರೆವು ಇವು ಲಕ್ಷಣಗಳು. ಬಹುಕಾಲ ಅಲಕ್ಷಿಸಿದರೆ ನರಗಳಿಗಾದ ಹಾನಿ ಪುನಃ ಸರಿಹೋಗದೆ ಉಳಿಯಬಹುದು. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲಿಯೂ ಈ ಕೊರತೆ ನಮ್ಮ ದೇಶದಲ್ಲಿ ಸಾಮಾನ್ಯ. ಹಾಲನ್ನೂ ಬಿಟ್ಟವರಿಗೆ ಬಿ12 ಗುಳಿಗೆ ಅಥವಾ ಬಿ12 ಬೆರೆಸಿದ ಆಹಾರ ಅನಿವಾರ್ಯ.

ಸಮಾಧಾನದ ಸಂಗತಿಯೆಂದರೆ, ಔಷಧದ ಬಿ12ನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದಲೇ ತಯಾರಿಸುತ್ತಾರೆ. ಅದಕ್ಕೆ ಯಾವ ಪ್ರಾಣಿಯೂ ಬೇಕಿಲ್ಲ. ಪ್ರಮಾಣವನ್ನು ಮಾತ್ರ ವೈದ್ಯರೇ ನಿರ್ಧರಿಸಲಿ. ಸುಣ್ಣದ ಅಂಶಕ್ಕೆ ರಾಗಿ, ಎಳ್ಳು, ಸೊಪ್ಪುಗಳಿವೆ. 100 ಗ್ರಾಮ್ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಮ್ ಕ್ಯಾಲ್ಸಿಯಂ ಉಂಟು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡು, ಚಹಾವನ್ನು ಊಟದ ಸಂಗಡ ಕುಡಿಯದೆ ಇದ್ದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ.

ಹಸಿರು ಚುಕ್ಕೆ ಹೇಳುವುದೇನು, ಹೇಳದಿರುವುದೇನು?

ಪೊಟ್ಟಣದ ಮೇಲೆ ಹಸಿರು ಚೌಕದಲ್ಲಿ ಹಸಿರು ಚುಕ್ಕೆಯಿದ್ದರೆ ಸಸ್ಯಾಹಾರ. 2020ರ ಲೇಬಲ್ ನಿಯಮಗಳ ಪ್ರಕಾರ ಕಂದು ಚೌಕದಲ್ಲಿ ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಮೊಟ್ಟೆ ಸೇರಿದ್ದರೂ ಇದೇ ಗುರುತು. ಆದರೆ ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವುಗಳನ್ನು ನಿಯಮವು ಮಾಂಸಾಹಾರವೆಂದು ಎಣಿಸುವುದಿಲ್ಲ. ಆದ್ದರಿಂದ ಹಸಿರು ಚುಕ್ಕೆ ಸಸ್ಯಾಹಾರಿಗೆ ಭರವಸೆ. ವೀಗನ್ ಆದವರಿಗೆ ಅದು ಸಾಲದು. ಅವರಿಗಾಗಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ನಿಯಮಗಳಲ್ಲಿ 'ವಿ' ಅಕ್ಷರಕ್ಕೆ ಎಲೆ ಸೇರಿಸಿದ ಪ್ರತ್ಯೇಕ ಗುರುತನ್ನು ತಂದಿದೆ. ಅದಿಲ್ಲದಿದ್ದರೆ ಪದಾರ್ಥಗಳ ಪಟ್ಟಿಯ ಸಮೀಪದಲ್ಲಿ ಅಲರ್ಜಿಯ ಸೂಚನೆ ನೋಡಬೇಕು. ಹಾಲು ಸೇರಿದ್ದರೆ ಅಲ್ಲಿ ಹೇಳಲೇಬೇಕೆಂದು ನಿಯಮವಿದೆ. ವ್ಹೇ, ಕೇಸಿನ್, ಲ್ಯಾಕ್ಟೋಸ್ ಇವೆಲ್ಲ ಹಾಲಿನ ಅಂಶಗಳೇ. ಬಿಸ್ಕತ್ತು, ಬ್ರೆಡ್ಡು, ಅಂಗಡಿಯಲ್ಲಿ ಮಾರುವ ಹೆಚ್ಚಿನ ಪ್ರೋಟೀನ್ ಪುಡಿಗಳಲ್ಲಿ ಇವು ಅಡಗಿರುತ್ತವೆ.

ಇನ್ನು ಅಂಕಿಗಳ ಮರೆಯಲ್ಲಿ ಅಡಗಿರುವವು. 120 ಎಂದರೆ ಕಾರ್ಮೈನ್, ಒಂದು ಬಗೆಯ ಕೀಟವನ್ನು ಒಣಗಿಸಿ ತೆಗೆದ ಕೆಂಪು ಬಣ್ಣ. 542 ಎಲುಬಿನಿಂದ ಬಂದುದು. 901 ಜೇನುಮೇಣ. 904 ಅರಗು, ಮಿಠಾಯಿ ಮತ್ತು ಗುಳಿಗೆಗಳಿಗೆ ಹೊಳಪು ಕೊಡುತ್ತದೆ. 471, 627, 631, 635, 920 ಇವು ಪ್ರಾಣಿಮೂಲದಿಂದಲೂ ಆಗಬಹುದು, ಸಸ್ಯ ಅಥವಾ ಹುದುಗುವಿಕೆಯ ಮೂಲದಿಂದಲೂ ಆಗಬಹುದು. ಅಂಕಿಯಷ್ಟೇ ಬರೆದರೆ ಸಾಲದು, ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ಪೂರ್ಣವಾಗಿ ಪ್ರಕಟಿಸಬೇಕೆಂದು ದೆಹಲಿ ಹೈಕೋರ್ಟು 2021ರ ಡಿಸೆಂಬರಿನಲ್ಲಿ ನಿರ್ದೇಶಿಸಿತು. ಇಲ್ಲಿ ಹಸಿರು ಚುಕ್ಕೆಯಿರುವ ಪೊಟ್ಟಣದಲ್ಲಿ ಇವನ್ನು ಕಂಡು ಗಾಬರಿಯಾಗಬೇಕಿಲ್ಲ. ಆದರೆ ಪರದೇಶಗಳಲ್ಲಿರುವ ನಮ್ಮ ಮಕ್ಕಳಿಗೆ ಈ ಚುಕ್ಕೆಯ ನೆರವಿಲ್ಲ. ಅಲ್ಲಿನ ಕೆಲವು ಚೀಸುಗಳಲ್ಲಿ ಕರುವಿನ ಜಠರದ ರೆನೆಟ್, ಜೆಲ್ಲಿ ಮಿಠಾಯಿಗಳಲ್ಲಿ ಜಿಲೆಟಿನ್, ಥಾಯ್ ಅಡುಗೆಯ ಮಸಾಲೆಗಳಲ್ಲಿ ಮೀನು ಅಥವಾ ಸೀಗಡಿ ಇರುತ್ತವೆ. ಅವರು ಪಟ್ಟಿಯನ್ನು ಓದಲೇಬೇಕು.

ಔಷಧಗಳಿಗೆ ಆಹಾರದ ಈ ಗುರುತಿನ ನಿಯಮ ಅನ್ವಯಿಸುವುದಿಲ್ಲ. ಜಿಲೆಟಿನ್ ಕವಚವಷ್ಟೇ ಅಲ್ಲ, ಡಿ3 ಜೀವಸತ್ವವನ್ನು ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುತ್ತಾರೆ. ನಮ್ಮ ಮನೆಗಳಲ್ಲಿ ಕೂಸುಗಳಿಗೆ ತೇಯ್ದು ಕೊಡುವ ಗೋರೋಚನ ದನದ ಪಿತ್ತಕೋಶದ ಕಲ್ಲು. ಕಸ್ತೂರಿ ಮೃಗದಿಂದ ಬಂದುದು. ಸಿಹಿತಿಂಡಿಯ ಬೆಳ್ಳಿಯ ಹಾಳೆಯನ್ನು ಹಿಂದೆ ದನದ ಕರುಳಿನ ಪೊರೆಗಳ ನಡುವೆ ಇಟ್ಟು ಬಡಿಯುತ್ತಿದ್ದರು. ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರದೆಂದು 2016ರಲ್ಲಿ ನಿಯಮವಾಗಿದೆ. ಪರಕೀಯ ತಿನಿಸುಗಳನ್ನು ಮಾತ್ರ ಸಂಶಯದಿಂದ ನೋಡುವ ನಮಗೆ ಇದು ತಿಳಿದಿರುವುದು ಒಳ್ಳೆಯದು.

ಆದರೆ ಒಂದು ಎಚ್ಚರ: ಕವಚದ ಕಾರಣಕ್ಕಾಗಿ ಯಾರೂ ತಾವಾಗಿ ಔಷಧವನ್ನು ನಿಲ್ಲಿಸಬಾರದು. ಸಸ್ಯಮೂಲದ ಸೆಲ್ಯುಲೋಸ್ ಕವಚ, ಮಾತ್ರೆ ಅಥವಾ ದ್ರವರೂಪ ಉಂಟೇ ಎಂದು ವೈದ್ಯರನ್ನು ಕೇಳಬೇಕು. ಇಲ್ಲದಿದ್ದರೆ ಜೀವ ಉಳಿಸುವ ಔಷಧವನ್ನು ತೆಗೆದುಕೊಳ್ಳುವುದರಲ್ಲಿ ದೋಷವಿಲ್ಲ. ಕಾಯವೂ ಲಿಂಗಕ್ಕೆ ಸಂದದ್ದೇ. ಅದನ್ನು ಕೆಡಿಸಿಕೊಳ್ಳುವುದು ವ್ರತವಾಗದು. ನಾವು ಕೇಳಿದೆವು, ಅದೇ ಔಷಧ ಮಾತ್ರೆಯ ರೂಪದಲ್ಲಿ ದೊರೆಯಿತು. ಎರಡು ವರ್ಷ ಕೇಳದೆ ಇದ್ದುದು ನಮ್ಮ ಅನವಧಾನ.

ದೀಪಾವಳಿಗೆ ತಾಯಿ ಮಗಳು ಮತ್ತೆ ಬಂದಿದ್ದರು. ವೈದ್ಯರ ಚಿಕಿತ್ಸೆಯಿಂದ ಹುಡುಗಿಯ ಮುಖಕ್ಕೆ ಬಣ್ಣ ಮರಳಿತ್ತು. ಅಂಗಾಲಿನ ಜೋಮು ಪೂರ್ತಿ ಹೋಗಿರಲಿಲ್ಲ, ಆದರೆ ಕಡಿಮೆಯಾಗಿತ್ತು. ಹಾಸ್ಟೆಲ್ಲಿಗೆ ಒಯ್ಯಲು ತಾಯಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಹುರಿಗಡಲೆಗಳ ಡಬ್ಬಿ ಕಟ್ಟಿಕೊಡುತ್ತಾರಂತೆ. "ಈಗ ಅಂಗಡ್ಯಾಗ ನಾನೂ ಪಾಕೀಟು ತಿರುವಿ ಓದತೇನ್ರಿ" ಎಂದು ನಕ್ಕರು. ಮಗಳು ಹಾಲು ಕುಡಿಯುತ್ತಿಲ್ಲ, ತಾಯಿ ಅಳುತ್ತಿಲ್ಲ. ಮಗಳ ದಯೆಗೆ ತಾಯಿಯ ಎಚ್ಚರ ಜೊತೆಯಾಗಿತ್ತು.

ನಮ್ಮ ಮನೆಗಳಲ್ಲಿ ಇಂತಹ ಮಕ್ಕಳು ಇನ್ನೂ ಹೆಚ್ಚಬಹುದು. ಗದರಿಸುವ ಮುನ್ನ ಕೇಳೋಣ. ಮೆಚ್ಚುವ ಮುನ್ನ ಅವರ ತಟ್ಟೆಯನ್ನು ನೋಡೋಣ. ಅರ್ಪಿಸುವ ಪದಾರ್ಥವನ್ನು ಅರಿತು ಅರ್ಪಿಸೋಣ.