ಪಾಸ್‌ಬುಕ್ಕಿನಲ್ಲಿ ಇಲ್ಲದ ಹೆಸರು

2024ರ ಜುಲೈ 31, ಬುಧವಾರ. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಕೈಕೊಟ್ಟಿತು. ಹೆಚ್ಚಿನವು ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ಇಂಥ ಹೊತ್ತಿನಲ್ಲಿ ಕೌಂಟರಿನಲ್ಲಿ ಸಿಗುವ ಉತ್ತರ ನಮಗೆಲ್ಲ ಬಾಯಿಪಾಠ: ‘ಸರ್ವರ್ ಡೌನ್’. ಯಾರ ಸರ್ವರ್, ಎಲ್ಲಿಯದು ಎಂದು ನಾವು ಕೇಳುವುದಿಲ್ಲ.

ಅಂದು ಕೇಳಿದ್ದರೆ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಹೆಸರು ಬರಬೇಕಿತ್ತು. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಜೊತೆಯಾಗಿ ಕಟ್ಟಿದ ಈ ಕಂಪನಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುತ್ತದೆ. ಅದರ ಕೆಲವು ಕಂಪ್ಯೂಟರುಗಳಿಗೆ, ದತ್ತಾಂಶವನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕಿರಬಹುದೆಂಬ ಸುಳಿವು ಸಿಕ್ಕಿದ್ದೇ ತಡ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮವು ಸಂಪರ್ಕವನ್ನೇ ಕಡಿದುಹಾಕಿತು. ಸೋಂಕು ಹರಡದಂತೆ ತಡೆಯಲು ಅದು ಸರಿಯಾದ ನಿರ್ಧಾರ. ಮರುದಿನ ಸಂಪರ್ಕ ಮರಳಿತು. ದೇಶದ ಒಟ್ಟು ಪಾವತಿಗಳಲ್ಲಿ ಈ ಬ್ಯಾಂಕುಗಳ ಪಾಲು ಶೇ 0.5ರಷ್ಟು ಮಾತ್ರ ಎಂದು ಆಗ ವರದಿಯಾಯಿತು. ಆ ಅಂಕಿ ನನಗೆ ಸಮಾಧಾನ ಕೊಡುವುದಿಲ್ಲ. ಇರುವುದು ಅದೊಂದೇ ಖಾತೆ ಎನ್ನುವವನಿಗೆ ಅಂದು ನಿಂತದ್ದು ನೂರಕ್ಕೆ ನೂರು.

ಸೈಬರ್ ಭದ್ರತೆಯ ಕೆಲಸ ಮಾಡುವ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಜಾಡು ಹಿಡಿದು ಹೊರಟಾಗ ದಾರಿ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. ಅದರ ವಿಶ್ಲೇಷಣೆಯ ಪ್ರಕಾರ ದಾಳಿ ಶುರುವಾದದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಮತ್ತೊಂದು ಕಂಪನಿಯ ಜೆಂಕಿನ್ಸ್ ಸರ್ವರಿನಿಂದ. ಪ್ರೋಗ್ರಾಮರುಗಳು ಬರೆದ ಕೋಡನ್ನು ಜೋಡಿಸಿ, ಪರೀಕ್ಷಿಸಿ, ಬಳಕೆಗೆ ಬಿಡುವ ಸಾಧನ ಜೆಂಕಿನ್ಸ್. ಆ ಕೆಲಸಕ್ಕೆ ಬೇಕಾದ ಪಾಸ್‌ವರ್ಡು, ಕೀಲಿಗಳು ಅದರ ಹೊಟ್ಟೆಯಲ್ಲೇ ಇರುವುದುಂಟು. ಲಾಗಿನ್ ಆಗದವರೂ ಅದರೊಳಗಿನ ಫೈಲುಗಳಿಗೆ ಇಣುಕಬಹುದಾದ ದೋಷವೊಂದು 2024ರ ಜನವರಿಯಲ್ಲೇ ಪ್ರಕಟವಾಗಿತ್ತು, ಪ್ಯಾಚ್ ಕೂಡ ಜೊತೆಗೇ ಬಂದಿತ್ತು. ದಾಳಿಕೋರರು ಒಳಹೊಕ್ಕದ್ದು ಇದೇ ದೋಷದ ಮೂಲಕ ಎನ್ನುತ್ತದೆ ಆ ವಿಶ್ಲೇಷಣೆ; ದಾಳಿ ನಡೆದದ್ದು ಜುಲೈ ಕೊನೆಯಲ್ಲಿ. ನಡುವೆ ಆರು ತಿಂಗಳು!

ಬ್ಯಾಂಕು, ಬ್ಯಾಂಕಿನ ವೆಂಡರ್, ಆ ವೆಂಡರಿಗೊಬ್ಬ ವೆಂಡರ್. ಮೊದಲು ಹೀಗಿರಲಿಲ್ಲ: 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಕೊಡುವವರೂ ಪಡೆಯುವವರೂ ಒಂದೇ ಊರಿನವರು. ‘ಪತ್ತು’ ಎಂದರೆ ಅವರ ನಡುವಿನ ನಂಬಿಕೆಯೇ. ಇವತ್ತು ಅದೇ ಪತ್ತು, ಸದಸ್ಯರು ಹೆಸರನ್ನೇ ಕೇಳಿರದ ಕಂಪನಿಗಳ ಕೈದಾಟುತ್ತ ಹೋಗುತ್ತಿದೆ.

ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಇದನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಅಮೆಜಾನ್ ಕ್ಲೌಡ್‌ನಲ್ಲಿಟ್ಟಿದ್ದ ಅದರ ದತ್ತಾಂಶ 2019ರಲ್ಲಿ ಸೋರಿತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ 60 ಲಕ್ಷ ಜನರ ವಿವರ. ಫೈರ್‌ವಾಲನ್ನು ಸರಿಯಾಗಿ ಹೊಂದಿಸಿರಲಿಲ್ಲ. ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದ್ದು ಬ್ಯಾಂಕಿಗೆ, ಕ್ಲೌಡ್ ಕೊಟ್ಟವರಿಗಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹಾಗೆಯೇ ಹೇಳುತ್ತದೆ: ವೆಂಡರ್ ಜೊತೆಗಿನ ಕರಾರಿನಲ್ಲಿ ಏನೇ ಬರೆದಿರಲಿ, ಹೊಣೆ ಜನರಿಂದ ದತ್ತಾಂಶ ಪಡೆದ ಸಂಸ್ಥೆಯದು. ಭದ್ರತೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ.

ಐಟಿ ಕೆಲಸವನ್ನು ಹೊರಗುತ್ತಿಗೆ ಕೊಡುವ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ವಿವರವಾದ ನಿರ್ದೇಶನ ಹೊರಡಿಸಿತು. ಅದರಲ್ಲಿ ಒಂದನೇ ಮತ್ತು ಎರಡನೇ ಶ್ರೇಣಿಯ, ಅಂದರೆ ಸಣ್ಣ ಗಾತ್ರದ, ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ಕೈಬಿಡಲಾಗಿತ್ತು. ಅವುಗಳಿಗೆ ಪ್ರತ್ಯೇಕ ಸೈಬರ್ ನಿಯಮಗಳಿವೆ, ನಿಜ. ಸಣ್ಣವರ ಮೇಲೆ ಭಾರ ಹೇರಬಾರದೆಂಬ ಕಾಳಜಿಯೂ ಅರ್ಥವಾಗುತ್ತದೆ. ಆದರೆ ವೆಂಡರನ್ನೇ ಹೆಚ್ಚು ನೆಚ್ಚಿಕೊಂಡಿರುವವರು ಈ ಸಣ್ಣವರೇ; ಸ್ವಂತ ಐಟಿ ತಂಡ ಇಟ್ಟುಕೊಳ್ಳುವ ಶಕ್ತಿ ಅವರಿಗೆಲ್ಲಿಯದು?

ಸೆಪ್ಟೆಂಬರ್ ಬಂತೆಂದರೆ ಸಹಕಾರಿ ಬ್ಯಾಂಕುಗಳ ವಾರ್ಷಿಕ ಮಹಾಸಭೆ. ವರದಿ ಪುಸ್ತಕದಲ್ಲಿ ಡಿವಿಡೆಂಡ್ ಇರುತ್ತದೆ, ಎನ್‌ಪಿಎ ಇರುತ್ತದೆ. ಅದರಲ್ಲಿ ಇನ್ನೊಂದು ಪುಟ ಸೇರಿಸಿ ಎಂದು ಸದಸ್ಯರು ಎದ್ದು ಕೇಳಬೇಕು: ನಮ್ಮ ದತ್ತಾಂಶ ಯಾವ ಕಂಪನಿಯ ಬಳಿ ಇದೆ, ಅದು ಯಾರಿಗೆ ಒಳಗುತ್ತಿಗೆ ಕೊಟ್ಟಿದೆ, ಬ್ಯಾಕಪ್ಪಿನಿಂದ ಎಲ್ಲ ಖಾತೆಗಳನ್ನು ಮರಳಿ ತೆರೆದು ನೋಡಿದ್ದು ಕೊನೆಯ ಸಲ ಯಾವ ತಾರೀಖಿನಂದು.