ಸಾಗರದಿಂದ ಉಡುಪಿಗೆ: ಯಾವ ಘಟ್ಟ ಇಳಿಯುವುದು?

ಸಾಗರದ ಬಸ್ ನಿಲ್ದಾಣದಲ್ಲಿ ನಿಂತು ಉಡುಪಿಗೆ ಹೋಗುವ ದಾರಿ ಯಾವುದೆಂದು ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ. ಜೋಗದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಿ ಎನ್ನುವವರಿದ್ದಾರೆ. ಸಿಗಂದೂರು ಸೇತುವೆ ದಾಟಿ ಕೊಲ್ಲೂರಿಗೆ ಇಳಿಯುವುದೇ ಹತ್ತಿರ ಎನ್ನುವವರಿದ್ದಾರೆ. ಹೊಸನಗರ, ನಗರ, ಹುಲಿಕಲ್ ಎಂದು ಬೆರಳು ಮಡಿಸುವವರು ಕೆಲವರಾದರೆ, ತೀರ್ಥಹಳ್ಳಿಗೆ ಹೋಗಿ ಆಗುಂಬೆ ಇಳಿಯುವುದೇ ವಾಸಿ ಎನ್ನುವವರು ಮತ್ತೆ ಕೆಲವರು. ಸ್ವಾರಸ್ಯವೆಂದರೆ ಯಾರ ಮಾತೂ ಸುಳ್ಳಲ್ಲ.

ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಸಾಗರಕ್ಕೂ ಉಡುಪಿಗೂ ನಡುವೆ ನೂರು ಕಿ.ಮೀ. ಸಹ ಇಲ್ಲ. ಆದರೆ ನೂರರಲ್ಲಿ ಮುಗಿಯುವ ರಸ್ತೆ ಒಂದೂ ಇಲ್ಲ. ಕೊಲ್ಲೂರು, ಹುಲಿಕಲ್, ಆಗುಂಬೆ ಈ ಮೂರರಲ್ಲಿ ಯಾವುದನ್ನು ಹಿಡಿದರೂ ಲೆಕ್ಕ ಸುಮಾರು 160 ಕಿ.ಮೀ. ಆಸುಪಾಸಿಗೇ ಬಂದು ನಿಲ್ಲುತ್ತದೆ. ಹೊನ್ನಾವರದ ದಾರಿ ಮಾತ್ರ 200 ದಾಟುತ್ತದೆ. ದೂರ ಹೆಚ್ಚುಕಡಿಮೆ ಒಂದೇ ಆದಮೇಲೆ ಯಾವ ದಾರಿಯಾದರೇನು ಎಂದು ಬಯಲುಸೀಮೆಯವರು ಕೇಳಬಹುದು. ಮಲೆನಾಡಿನವರು ಹಾಗೆ ಕೇಳುವುದಿಲ್ಲ. ಅವರ ಮೊದಲ ಪ್ರಶ್ನೆ ‘ಎಷ್ಟು ದೂರ’ ಎಂಬುದಲ್ಲ, ‘ಘಾಟಿ ಬಿಟ್ಟಿದ್ದಾರಾ’ ಎಂಬುದು.

ಇದು ರಜೆಯಲ್ಲಿ ಊರು ಸುತ್ತಲು ಹೊರಟವರ ಪ್ರಶ್ನೆ ಮಾತ್ರ ಅಲ್ಲ. ಉಡುಪಿಯ ಮಗ್ಗುಲಲ್ಲೇ ಮಣಿಪಾಲವಿದೆ. ಅಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, 1961ರಲ್ಲಿ ಕಸ್ತೂರಬಾ ಆಸ್ಪತ್ರೆ ಆರಂಭವಾದ ಮೇಲೆ ಘಟ್ಟದ ಮೇಲಿನ ಮೂರು ತಾಲ್ಲೂಕುಗಳಿಗೆ ‘ಮಣಿಪಾಲಕ್ಕೆ ಕರ್ಕೊಂಡು ಹೋದರು’ ಎಂಬುದು ಕಾಯಿಲೆಯ ಗಾಂಭೀರ್ಯ ತಿಳಿಸುವ ಮಾತೇ ಆಗಿಬಿಟ್ಟಿದೆ. ದೂರದ ಲೆಕ್ಕವೆಲ್ಲ ಅಂತಿಮವಾಗಿ ಬಂದು ತಾಗುವುದು ಅಲ್ಲಿಗೆ.

ರೈಲಿನ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಸಾಗರಕ್ಕೆ ರೈಲು ಉಂಟು. ರಾಜರ ಕಾಲದ ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಗಿ, 2011ರಲ್ಲಿ ತಾಳಗುಪ್ಪದ ತನಕ ಮತ್ತೆ ಗಾಡಿ ಓಡಿತು. ಕರಾವಳಿಯಲ್ಲೂ 1998ರಿಂದ ಕೊಂಕಣ ರೈಲ್ವೆ ಪೂರ್ತಿಯಾಗಿ ಓಡುತ್ತಿದೆ. ಆದರೆ ತಾಳಗುಪ್ಪದ ಹಳಿ ತಾಳಗುಪ್ಪದಲ್ಲೇ ನಿಂತಿದೆ. ಅಲ್ಲಿಂದ ಹೊನ್ನಾವರಕ್ಕೆ ಇಳಿಸುವ ಮಾತು ಹಳೆಯದು, ನಡುವೆ ಶರಾವತಿಯ ಕಣಿವೆ ಮತ್ತು ಕಾಡು. ಹಟ ಹಿಡಿದು ರೈಲಿನಲ್ಲೇ ಉಡುಪಿಗೆ ಹೋಗುತ್ತೇನೆಂದರೆ ಶಿವಮೊಗ್ಗ, ಬೀರೂರು, ಅರಸೀಕೆರೆ, ಹಾಸನ ಸುತ್ತಿ, ಅಲ್ಲಿ ಗಾಡಿ ಬದಲಿಸಿ, ಸಕಲೇಶಪುರದ ಘಟ್ಟ ಇಳಿದು ಮಂಗಳೂರು ಸೇರಿ, ಮತ್ತೆ ಉತ್ತರಕ್ಕೆ ತಿರುಗಬೇಕು. ಹತ್ತಿರಹತ್ತಿರ ಐನೂರು ಕಿ.ಮೀ. ರೈಲಿನ ಮೋಹ ಇರುವವರು ಒಮ್ಮೆ ಮಾಡಿ ನೋಡಬಹುದು, ಕೆಲಸವಿದ್ದು ಹೋಗುವವರು ಮಾಡಲಾರರು.

ಹಾಗಾಗಿ ರಸ್ತೆಯೇ ಗತಿ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟೊಂದು ಘಟ್ಟದ ದಾರಿಗಳು ಏಕೆ ಹುಟ್ಟಿಕೊಂಡವು ಎಂಬುದಕ್ಕೆ ಹಿಂದಿನ ಚರಿತ್ರೆ ನೋಡಬೇಕು. ಮೂರು ತಾಲ್ಲೂಕುಗಳ ಈ ಸೀಮೆಯನ್ನು ಕೆಳದಿ ಅರಸರು ಆಳಿದರು. ಅವರ ಬೊಕ್ಕಸ ತುಂಬಿಸಿದ್ದರಲ್ಲಿ ಮೆಣಸಿನ ಪಾಲು ದೊಡ್ಡದು. ಮೆಣಸು ಬೆಳೆಯುವುದು ಘಟ್ಟದ ಮೇಲೆ, ಕೊಳ್ಳುವ ಹಡಗು ನಿಲ್ಲುವುದು ಹೊನ್ನಾವರ, ಬಸರೂರು, ಮಂಗಳೂರಿನಲ್ಲಿ. ಎತ್ತಿನ ಹೇರುಗಳು ಮೆಣಸು, ಅಡಿಕೆ ಹೊತ್ತು ಇಳಿಯುತ್ತಿದ್ದವು; ಉಪ್ಪು, ಒಣಮೀನು, ತೆಂಗಿನಕಾಯಿ ಹೊತ್ತು ಹತ್ತುತ್ತಿದ್ದವು. ಕೆಳದಿಯಿಂದ ಇಕ್ಕೇರಿಗೆ ಬಂದ ರಾಜಧಾನಿ ಹದಿನೇಳನೆಯ ಶತಮಾನದಲ್ಲಿ ಬಿದನೂರಿಗೆ, ಎಂದರೆ ಇಂದಿನ ನಗರಕ್ಕೆ ಸರಿದದ್ದನ್ನು ಗಮನಿಸಿ. ಅದು ಹುಲಿಕಲ್ ಮತ್ತು ಕೊಲ್ಲೂರು ಘಟ್ಟಗಳೆರಡರ ನೆತ್ತಿಗೆ ಸಮೀಪದ ಜಾಗ. ಶತ್ರುವಿಗೆ ಕಾಡಿನ ಕೋಟೆಯೂ ಆಯಿತು, ಸುಂಕಕ್ಕೆ ಕಟ್ಟೆಯೂ ಆಯಿತು.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಹೈದರನಗರವೆಂದು ಹೆಸರಿಟ್ಟ. ಹೈದರ ಹೋಗಿ ‘ನಗರ’ ಉಳಿಯಿತು. 1893ರಲ್ಲಿ ತಾಲ್ಲೂಕು ಕಚೇರಿ ಅಲ್ಲಿಂದ ಕಲ್ಲೂರುಕಟ್ಟೆಗೆ ಹೋದಾಗ ಆ ಹಳ್ಳಿ ಹೊಸನಗರವಾಯಿತು. ಕಂಡಕ್ಟರು ‘ನಗರ, ನಗರ’ ಎಂದು ಕೂಗಿದರೆ ಹೊಸಬರು ದೊಡ್ಡ ಪಟ್ಟಣವೇ ಬಂತೆಂದು ಕಿಟಕಿಯಲ್ಲಿ ಇಣುಕುತ್ತಾರೆ. ಕಾಣುವುದು ಕೋಟೆಯ ಗೋಡೆ ಮತ್ತು ನಾಲ್ಕಾರು ಅಂಗಡಿ.

ಹೊನ್ನಾವರದ ದಾರಿಯ ಬಗ್ಗೆ ನಾಲ್ಕು ಶತಮಾನದ ಹಿಂದಿನ ಬರಹವೊಂದು ಉಳಿದಿದೆ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜತೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಘಟ್ಟ ಹತ್ತಿ, ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಹೋದ. ಈಗ ಸಾಗರ, ತಾಳಗುಪ್ಪ, ಮಾವಿನಗುಂಡಿಯ ಮೇಲೆ ಇಳಿಯುವ ಹೆದ್ದಾರಿ ಹೆಚ್ಚುಕಡಿಮೆ ಅದೇ ಕಣಿವೆಯದು. ನದಿ ಹಿಂದಕ್ಕೆ ಕೊರೆದ ಕಣಿವೆಯಾದ್ದರಿಂದ ಇಳಿಜಾರು ಉದ್ದಕ್ಕೆ ಹಂಚಿಹೋಗಿದೆ. ಲಾರಿಗಳಿಗೆ, ದೊಡ್ಡ ಬಸ್ಸುಗಳಿಗೆ ಇದು ಒಗ್ಗುತ್ತದೆ. ಹೊನ್ನಾವರದಿಂದ ಭಟ್ಕಳ, ಕುಂದಾಪುರದ ಮೇಲೆ ಉಡುಪಿಗೆ ಕರಾವಳಿ ಹೆದ್ದಾರಿ. ಐವತ್ತು ಕಿ.ಮೀ. ಹೆಚ್ಚಾದರೂ ಸಾಮಾನು ಹೇರಿಕೊಂಡವರು ಈ ದಾರಿಯನ್ನೇ ಹಿಡಿಯುವುದು ಇದಕ್ಕೆ.

ಇನ್ನು ಸಿಗಂದೂರಿನ ದಾರಿ. ಇದರ ಕತೆ ಹೇಳಲು ನೀರಿನಿಂದಲೇ ಆರಂಭಿಸಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಸುಮಾರು 300 ಚದರ ಕಿ.ಮೀ. ನೆಲವನ್ನು ಆವರಿಸಿತು. ಗದ್ದೆ, ತೋಟ, ದೇವಸ್ಥಾನ, ಊರು, ಜತೆಗೆ ಊರಿಗೆ ಹೋಗುವ ದಾರಿಗಳೂ ಮುಳುಗಿದವು. ಮುಳುಗಿದ ಭೂಮಿಗೆ ಪರಿಹಾರದ ಲೆಕ್ಕ ಬರೆದವರುಂಟು. ಮುಳುಗಿದ ದಾರಿಗೆ ಪರಿಹಾರ ಬರೆದವರಿಲ್ಲ. ತುಮರಿ, ಬ್ಯಾಕೋಡು ಸುತ್ತಿನ ಕರೂರು, ಬಾರಂಗಿ ಹೋಬಳಿಯವರು ತಮ್ಮದೇ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಬರಲು ಹಿನ್ನೀರು ದಾಟಬೇಕಾಯಿತು. ಇಲ್ಲವೇ ಹೊಸನಗರ ತಾಲ್ಲೂಕನ್ನು ಸುತ್ತಿಕೊಂಡು ಬರಬೇಕು. ನಾಡಿಗೆ ವಿದ್ಯುತ್ತು ಹೋದದ್ದು ಇವರ ಗದ್ದೆಯ ಮೇಲಿನ ನೀರಿನಿಂದ. ಇವರ ಪಾಲಿಗೆ ಬಂದದ್ದು ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಹೋಗುವ ಲಾಂಚು.

ಬಸ್ಸು, ಕಾರು, ಬೈಕು, ಜನ, ಕುರಿ, ಕೋಳಿ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಹೊತ್ತು ತೇಲುವ ಲಾಂಚು ಪ್ರವಾಸಿಗರಿಗೆ ಸಂಭ್ರಮದ ಸಂಗತಿ. ಸಿಗಂದೂರು ಚೌಡೇಶ್ವರಿಯ ಭಕ್ತರು ಹೆಚ್ಚಿದಂತೆ ಭಾನುವಾರ, ಹಬ್ಬದ ದಿನಗಳಲ್ಲಿ ವಾಹನಗಳ ಸಾಲು ಬೆಳೆಯಿತು. ಸಾಲಿನಲ್ಲಿ ಕಾದವರಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆಯುವವರೂ ಇದ್ದರು, ತಾಲ್ಲೂಕು ಕಚೇರಿ ಮುಚ್ಚುವ ಮುಂಚೆ ಒಂದು ಪಹಣಿ ಪಡೆಯಬೇಕಾದ ರೈತರೂ ಇದ್ದರು. ಬೇಸಿಗೆಯ ಕೊನೆಗೆ ನೀರು ತೀರ ಇಳಿದ ವರ್ಷಗಳಲ್ಲಿ ವಾಹನ ಹತ್ತಿಸುವುದು ನಿಂತದ್ದುಂಟು. ಎಲ್ಲಕ್ಕಿಂತ ಮಿಗಿಲಾದ ಸಂಗತಿ, ಕತ್ತಲಾದ ಮೇಲೆ ಲಾಂಚಿಲ್ಲ. ಹೆರಿಗೆ ನೋವು, ಹಾವಿನ ಕಡಿತ, ಎದೆನೋವು ಯಾವುದಕ್ಕೂ ವೇಳಾಪಟ್ಟಿ ಇರುವುದಿಲ್ಲವಲ್ಲ! ರಾತ್ರಿ ಕಾಯಿಲೆಯಾದರೆ ದಡದಲ್ಲಿ ನಿಂತು ಎದುರಿನ ದಡ ನೋಡಬೇಕು, ಅಥವಾ ಕಾಡಿನ ರಸ್ತೆ ಸುತ್ತಬೇಕು.

ಸೇತುವೆ ಬೇಕೆಂಬ ಕೂಗು ದಶಕಗಳ ಕಾಲದ್ದು. 2018ರಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅದನ್ನು ಉದ್ಘಾಟಿಸಿದರು. ಉದ್ದ ಎರಡು ಕಿ.ಮೀ.ಗೂ ಹೆಚ್ಚು, ತಗುಲಿದ ವೆಚ್ಚ 470 ಕೋಟಿ ರೂಪಾಯಿಯ ಆಸುಪಾಸು. ನೀರು ಆಳವಿರುವ ಮಧ್ಯಭಾಗದಲ್ಲಿ ಗೋಪುರಗಳಿಂದ ಕೇಬಲ್ಲು ಬಿಗಿದು ರಸ್ತೆಯನ್ನು ಹಿಡಿದಿಟ್ಟಿದ್ದಾರೆ. ಕಂಬಗಳ ನಡುವಿನ ಅಂತರ ಹೆಚ್ಚಿದಷ್ಟೂ ನೀರಿನಲ್ಲಿ ಊರಬೇಕಾದ ಕಂಬ ಕಡಿಮೆಯಾಗುತ್ತದೆ. ಕೇಬಲ್ಲಿನ ಉಪಯೋಗ ಅದೇ. ಅಣೆಕಟ್ಟು ಮುಗಿದದ್ದಕ್ಕೂ ಸೇತುವೆ ಮುಗಿದದ್ದಕ್ಕೂ ನಡುವೆ ಅರವತ್ತೊಂದು ವರ್ಷ.

ಹೀಗೆ ಸಾಗರ–ಉಡುಪಿ ದಾರಿಗಳ ಪಟ್ಟಿಗೆ ಹೊಸದೊಂದು ಸೇರಿತು. ಲಾಂಚಿದ್ದಾಗಲೂ ಹೀಗೆ ಹೋಗಬಹುದಿತ್ತು, ಆದರೆ ಹಗಲು ಮಾತ್ರ, ಸಾಲಿನಲ್ಲಿ ಕಾದು. ಈಗ ಸಾಗರದಿಂದ ಸಿಗಂದೂರಿಗೆ ಸುಮಾರು 40, ಅಲ್ಲಿಂದ ನಾಗೋಡಿಯ ಮೇಲೆ ಕೊಲ್ಲೂರಿಗೆ ಹೆಚ್ಚುಕಡಿಮೆ ಅಷ್ಟೇ. ಕೊಲ್ಲೂರಿನಿಂದ ಕುಂದಾಪುರ, ಉಡುಪಿ. ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ತುಸು ಚಿಕ್ಕದು. ಆದರೆ ಸೇತುವೆ ಇಳಿದ ಕೂಡಲೇ ಹೆದ್ದಾರಿಯ ಗಮ್ಮತ್ತು ಮುಗಿಯುತ್ತದೆ. ತುಮರಿಯಿಂದ ಆಚೆ ಕಾಡಿನ ನಡುವೆ ತಿರುವುಗಳ ರಸ್ತೆ, ಆಮೇಲೆ ಕೊಲ್ಲೂರು ಘಟ್ಟ. ಸೇತುವೆಯ ಮೇಲೆ ಉಳಿಸಿದ ನಿಮಿಷಗಳನ್ನು ಮಳೆಗಾಲದಲ್ಲಿ ಅಲ್ಲಿ ಕಳೆಯಬೇಕಾದೀತು.

ಹುಲಿಕಲ್ ದಾರಿಯದು ಬೇರೆ ಗುಣ. ಸಾಗರದಿಂದ ಹೊಸನಗರ, ನಗರ, ಮಾಸ್ತಿಕಟ್ಟೆ, ಆಮೇಲೆ ಬಾಳೆಬರೆ ಎಂದೂ ಕರೆಯುವ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಘಾಟಿಯ ತಲೆಯ ಮೇಲೆ ಚಂಡಿಕಾಂಬೆಯ ಗುಡಿ. ಚಾಲಕರು ಕೈಮುಗಿದೇ ಮುಂದೆ ಹೋಗುತ್ತಾರೆ. ಹೊಸಂಗಡಿಯಲ್ಲಿ ವಾರಾಹಿಯ ಭೂಗರ್ಭ ವಿದ್ಯುದಾಗಾರವಿದೆ. ಆ ಯೋಜನೆಯ ಭಾರಿ ಯಂತ್ರಗಳ ಓಡಾಟ ಈ ರಸ್ತೆಗೆ ಮಹತ್ವ ತಂದಿತು. ಶಿವಮೊಗ್ಗ, ಕುಂದಾಪುರಗಳ ನಡುವಿನ ಲಾರಿಗಳ ಭಾರವೂ ಇದರ ಮೇಲೇ ಇದೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳು ಘಟ್ಟದ ಮೇಲೆ ಹರಕೆಯಾಟ ಆಡಲು ಹತ್ತಿ ಬರುವುದೂ ಇಂಥ ದಾರಿಗಳಲ್ಲೇ. ಮಳೆಯಲ್ಲಿ ಹುಲಿಕಲ್ಲು ಆಗುಂಬೆಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ, ಕೆಲವು ವರ್ಷ ಅದನ್ನು ಮೀರಿಸಿದ್ದೂ ಇದೆ. ಹೆಸರು ಮಾತ್ರ ಆಗುಂಬೆಗೇ ಹೋಗುತ್ತದೆ.

ಆಗುಂಬೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರೂ ಹೇಳಿದ್ದಾರೆ. ಹದಿನಾಲ್ಕು ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಸುವ ಈ ಘಾಟಿ ಎಲ್ಲಕ್ಕಿಂತ ಗಿಡ್ಡ, ಎಲ್ಲಕ್ಕಿಂತ ಕಡಿದು. ದೊಡ್ಡ ಬಸ್ಸು ತಿರುಗದ ಕಡೆ ಮಿನಿ ಬಸ್ಸುಗಳೇ ಬಹುಕಾಲ ಇಲ್ಲಿನ ದೊರೆಗಳು. ಮಳೆಗಾಲದಲ್ಲಿ ಗುಡ್ಡ ಜರಿದರೆ ಭಾರಿ ವಾಹನಗಳಿಗೆ ನಿಷೇಧ ಬರುತ್ತದೆ. ತೀರ್ಥಹಳ್ಳಿಯವರಿಗೆ ಉಡುಪಿಗೆ ಇದೇ ರಾಜಮಾರ್ಗ. ಸುಮಾರು 90 ಕಿ.ಮೀ. ಸಾಗರದವರಿಗೆ ಸುತ್ತು ಎನಿಸಿದರೂ ಒಂದು ಅನುಕೂಲವಿದೆ: ದಾರಿಯುದ್ದಕ್ಕೂ ಪೇಟೆಗಳಿವೆ, ತೀರ್ಥಹಳ್ಳಿಯಲ್ಲಿ ಬಸ್ಸು ತಪ್ಪಿದರೆ ಇನ್ನೊಂದು ಸಿಗುತ್ತದೆ.

ಬಸ್ಸೆಂದ ಮೇಲೆ ಒಂದು ಮಾತು. ಈ ಸೀಮೆಯಲ್ಲಿ ಬಸ್ಸೆಂದರೆ ಹಿಂದಿನಿಂದಲೂ ಖಾಸಗಿ ಬಸ್ಸು. ಸಾಗರಕ್ಕೆ ಗಜಾನನ ಹೇಗೋ ಕೊಪ್ಪ, ತೀರ್ಥಹಳ್ಳಿ ಕಡೆಗೆ ಸಹಕಾರ ಸಾರಿಗೆ ಹಾಗೆ. ಕಂಪನಿಯೊಂದರ ಕಾರ್ಮಿಕರು ಕೆಲಸ ಕಳೆದುಕೊಂಡಾಗ ತಾವೇ ಕೂಡಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಚಾಲಕ, ನಿರ್ವಾಹಕರೇ ಮಾಲೀಕರು. ಇಂಥದ್ದು ದೇಶದಲ್ಲೇ ಅಪರೂಪ. 2020ರಲ್ಲಿ ಅದರ ಬಸ್ಸುಗಳು ನಿಂತವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದಾಗ, ಬಯಲುಸೀಮೆಯ ಅಕ್ಕತಂಗಿಯರಿಗೆ ಸಿಕ್ಕ ಸವಲತ್ತು ಖಾಸಗಿ ಬಸ್ಸನ್ನೇ ನಂಬಿದ ಘಟ್ಟದೂರುಗಳ ಹೆಂಗಸರಿಗೆ ಅಷ್ಟು ಸಿಗಲಿಲ್ಲ. ದಾರಿಗಳನ್ನು ಹೋಲಿಸುವಾಗ ಕಿ.ಮೀ. ಜತೆಗೆ ಇದನ್ನೂ ಎಣಿಸಬೇಕಲ್ಲವೇ?

ಹಾಗಾದರೆ ಯಾವ ದಾರಿ? ಸ್ವಂತ ಕಾರು, ಬೇಸಿಗೆ, ಹಗಲು ಎಂದಾದರೆ ಸೇತುವೆಯ ಮೇಲೆ ಹೋಗಿ. ಕೊಲ್ಲೂರು, ಸಿಗಂದೂರು ಎರಡೂ ಆಗುತ್ತದೆ. ಬಸ್ಸಿನಲ್ಲಾದರೆ ತೀರ್ಥಹಳ್ಳಿ. ಸುರಿಮಳೆಯಲ್ಲಿ, ಸಮಯವಿದ್ದರೆ, ಹೊನ್ನಾವರ. ಹುಲಿಕಲ್ಲು ಹೊಸನಗರ ಸೀಮೆಯವರಿಗೆ ಮನೆಯ ಮೆಟ್ಟಿಲಿದ್ದಂತೆ, ಅವರಿಗೆ ಯಾರೂ ಹೇಳಬೇಕಾಗಿಲ್ಲ.

ತುಮರಿಯವರ ಲೆಕ್ಕ ಮಾತ್ರ ಇದಾವುದೂ ಅಲ್ಲ. ಅವರು ಸೇತುವೆ ದಾಟಿ ಉಡುಪಿಗೆ ಹೋಗುವವರಲ್ಲ, ಸೇತುವೆ ಬರುವ ಮೊದಲೂ ಕೊಲ್ಲೂರಿನ ದಾರಿ ಅವರಿಗೆ ಇತ್ತು. ಮಧ್ಯರಾತ್ರಿ ಮನೆಯಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಹಿಂದೆ ಅವರೆದುರು ಇದ್ದದ್ದು ಘಟ್ಟ ಇಳಿಯುವುದು ಅಥವಾ ಬೆಳಗಿನ ಲಾಂಚಿಗೆ ಕಾಯುವುದು. ಈಗ ಜೀಪು ಅಂಗಳದಿಂದ ಹೊರಟು ರಸ್ತೆಗೆ ಬಂದಾಗ ಎಡಕ್ಕೋ ಬಲಕ್ಕೋ ಎಂದು ಕೇಳಬಹುದು: ಒಂದು ಕಡೆ ಸಾಗರದ ಆಸ್ಪತ್ರೆ, ಒಂದೇ ಗಂಟೆಯ ದಾರಿ, ಇನ್ನೊಂದು ಕಡೆ ಕೊಲ್ಲೂರು, ಕುಂದಾಪುರ, ಮಣಿಪಾಲ.